ಸೌಂಡ್‌ಬಾರ್ ಕೊಳ್ಳುವ ಮೊದಲು ಮನೆಯ ಮಾಡು ನೋಡಿ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಮನೆಯಲ್ಲಿ ಟಿ.ವಿ.ಯ ಮಾತು ಕೇಳಿಸುತ್ತಿರಲಿಲ್ಲ. ಕೊಡಗಿನ ಸುಂಟಿಕೊಪ್ಪದ ಬಳಿಯ ತೋಟದ ಮನೆ ನಮ್ಮದು. ಮುಂದಿನ ಭಾಗಕ್ಕೆ ಹೆಂಚು, ಆಮೇಲೆ ಸೇರಿಸಿದ ಹಜಾರಕ್ಕೆ ಶೀಟು. ಶೀಟಿನ ಮೇಲೆ ಮಳೆ ಬಿದ್ದಾಗ ಅಮ್ಮ ರಿಮೋಟ್ ಹಿಡಿದು ಧ್ವನಿಯನ್ನು ಕೊನೆಯವರೆಗೂ ಏರಿಸುತ್ತಿದ್ದರು. ಆಗ ಜಾಹೀರಾತುಗಳು ಕಿವಿಗೆ ಬಡಿಯುತ್ತಿದ್ದವೇ ಹೊರತು ಧಾರಾವಾಹಿಯ ಮಾತು ಮಳೆಯಲ್ಲಿ ಮುಳುಗಿಯೇ ಇರುತ್ತಿತ್ತು. ಅದಕ್ಕೆ ಪರಿಹಾರವೆಂದು ನಾನು ತಂದದ್ದು ಮೇಲ್ಮುಖ ಸ್ಪೀಕರ್‌ಗಳಿದ್ದ ದುಬಾರಿ ಸೌಂಡ್‌ಬಾರ್, ಅಂದರೆ ಟಿ.ವಿ.ಯ ಕೆಳಗಿಡುವ ಉದ್ದನೆಯ ಸ್ಪೀಕರ್ ಪಟ್ಟಿ. ಅಂಗಡಿಯಲ್ಲಿ ಅದು ತಲೆಯ ಮೇಲೆ ಹೆಲಿಕಾಪ್ಟರ್ ಹಾರಿಸಿತ್ತು. ನಮ್ಮ ಹಜಾರದಲ್ಲಿ ಆ ಹೆಲಿಕಾಪ್ಟರ್ ಟಿ.ವಿ. ಬಿಟ್ಟು ಕದಲಲಿಲ್ಲ. ಅಮ್ಮನ ಧಾರಾವಾಹಿಗೂ ಅದರಿಂದ ಹೆಚ್ಚಿನ ಉಪಕಾರವಾಗಲಿಲ್ಲ.

ಯಂತ್ರದಲ್ಲಿ ದೋಷವಿರಲಿಲ್ಲ. ಅದನ್ನು ಮಾಡಿದ್ದು ಬೇರೆ ಬಗೆಯ ಮನೆಗೆ, ಅಷ್ಟೇ. ಆಮೇಲಿನ ಮೂರು ಮಳೆಗಾಲಗಳಲ್ಲಿ ನೆಂಟರ, ನೆರೆಯವರ ಹಲವು ಮನೆಗಳಲ್ಲಿ ಸೌಂಡ್‌ಬಾರ್‌ಗಳನ್ನೂ ಜೋಡಿ ಸ್ಪೀಕರ್‌ಗಳನ್ನೂ ನಾನೇ ನಿಂತು ಜೋಡಿಸಿಕೊಟ್ಟಿದ್ದೇನೆ. ಎಲ್ಲಿಂದ ಆರಂಭಿಸಬೇಕು ಎಂಬುದು ಈಗ ನನಗೆ ಸ್ಪಷ್ಟವಾಗಿದೆ.

ಮೊದಲ ಹೆಜ್ಜೆ: ಮಾಡು, ಗೋಡೆ, ನೆಲ

ಅಳತೆಯ ಟೇಪ್ ತೆಗೆದುಕೊಂಡು ಟಿ.ವಿ. ಇರುವ ಕೋಣೆಯಲ್ಲಿ ನಿಂತುಕೊಳ್ಳಿ. ಮೊದಲು ತಲೆಯೆತ್ತಿ ನೋಡಿ.

ತಲೆಯ ಮೇಲಿಂದಲೂ ಧ್ವನಿ ಬಂದಂತೆ ಕೇಳಿಸುವ ‘ಡಾಲ್ಬಿ ಅಟ್ಮಾಸ್’ ಎಂದು ಮಾರುವ ಸೌಂಡ್‌ಬಾರ್‌ಗಳಲ್ಲಿ ಹಲವಕ್ಕೆ ಮೇಲಕ್ಕೆ ಮುಖ ಮಾಡಿದ ಸಣ್ಣ ಸ್ಪೀಕರ್‌ಗಳಿರುತ್ತವೆ. ಅವು ಧ್ವನಿಯನ್ನು ಛಾವಣಿಗೆ ಎಸೆಯುತ್ತವೆ. ಅದು ಅಲ್ಲಿಂದ ಪುಟಿದು ನಮ್ಮ ಕಿವಿಗೆ ಇಳಿಯಬೇಕು. ಅದಕ್ಕೆ ಛಾವಣಿ ಚಪ್ಪಟೆಯಾಗಿ, ಗಟ್ಟಿಯಾಗಿ ಇರಬೇಕು. 7.5 ಅಡಿಯಿಂದ 12 ಅಡಿ ಎತ್ತರವಿದ್ದರೆ ಅನುಕೂಲ. 14 ಅಡಿ ದಾಟಿದರೆ ಪರಿಣಾಮ ಕರಗಿಹೋಗುತ್ತದೆ. ಕುಶಾಲನಗರದ ಹೊಸ ಬಡಾವಣೆಯ ಆರ್‌ಸಿಸಿ ಮನೆಗೆ ಇದು ಸರಿಹೊಂದುತ್ತದೆ. ಇಳಿಜಾರಾದ ಹೆಂಚಿನ ಮಾಡಿನ ಕೆಳಗೆ ಹೊಂದುವುದಿಲ್ಲ. ಧ್ವನಿ ಓರೆಯಾಗಿ ಪುಟಿದು ಎತ್ತಲೋ ಹೋಗುತ್ತದೆ, ಉಳಿದದ್ದು ಹೆಂಚಿನ ಸಂದುಗಳಲ್ಲಿ ಚದುರುತ್ತದೆ. ಹಳೆಯ ಮನೆಗಳ ಮರದ ಮುಚ್ಚಿಗೆ ಚಪ್ಪಟೆಯಾಗಿದ್ದರೂ ನಡುನಡುವೆ ದಪ್ಪ ತೊಲೆಗಳು ಇಳಿಬಿದ್ದಿರುತ್ತವೆ. ಅಲ್ಲಿ ಫಲ ಅರೆಬರೆ. ನಿಮ್ಮದು ಇಳಿಜಾರು ಮಾಡಾದರೆ ಮೇಲ್ಮುಖ ಸ್ಪೀಕರ್‌ಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಈಗ ಅಕ್ಕಪಕ್ಕ ನೋಡಿ. ಸುತ್ತುಧ್ವನಿಯ ಭ್ರಮೆ ಹುಟ್ಟಿಸುವ ಸೌಂಡ್‌ಬಾರ್‌ಗಳು ಪಕ್ಕದ ಗೋಡೆಗಳನ್ನೂ ಹೀಗೆಯೇ ಬಳಸಿಕೊಳ್ಳುತ್ತವೆ. ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಗೋಡೆಯಿದ್ದರೆ ಸರಿ. ಒಂದು ಬದಿ ಗೋಡೆ, ಇನ್ನೊಂದು ಬದಿ ಅಡುಗೆಮನೆಗೆ ತೆರೆದ ಜಾಗ ಎಂದಾದರೆ, ಅಥವಾ ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆಯ) ಕೈಯಾಲೆಯಂತೆ, ಅಂದರೆ ಜಗಲಿಯಂತೆ, ಹೊರಕ್ಕೆ ತೆರೆದಿದ್ದರೆ, ಧ್ವನಿ ಒಂದೇ ಕಡೆ ವಾಲುತ್ತದೆ. ಅಂಥಲ್ಲಿ ಎರಡು ಪ್ರತ್ಯೇಕ ಸ್ಪೀಕರ್‌ಗಳು ಹೆಚ್ಚು ನಂಬಿಕೆಗೆ ಅರ್ಹ. ಅವಕ್ಕೆ ಗೋಡೆಯ ಹಂಗಿಲ್ಲ.

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆಯೇ ‘ಝಿಂಯ್’ ಎಂಬ ಮೊಳಗು ಉಳಿದರೆ ಕೋಣೆ ತುಂಬ ಬರಿದಾಗಿದೆ ಎಂದರ್ಥ. ಕೆಂಪು ಗಾರೆ ನೆಲ, ಗಾಜಿನ ಕಿಟಕಿ, ಬೋಳು ಗೋಡೆ ಮೂರೂ ಸೇರಿದರೆ ಹೀಗಾಗುತ್ತದೆ. ಇಂಥ ಕೋಣೆಯಲ್ಲಿ ಯಾವ ಸ್ಪೀಕರ್ ಇಟ್ಟರೂ ಮಾತು ಕಲಸಿಕೊಳ್ಳುತ್ತದೆ. ಒಂದು ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು ಇವಿಷ್ಟನ್ನು ಮೊದಲು ತನ್ನಿ. ಸ್ಪೀಕರ್ ಬದಲಿಸುವುದಕ್ಕಿಂತ ಇದರಿಂದ ಆಗುವ ಲಾಭ ಹೆಚ್ಚು, ಖರ್ಚು ಕಡಿಮೆ.

ಕೊನೆಗೆ, ಕೂರುವ ಜಾಗದಿಂದ ಟಿ.ವಿ.ಗೆ ಇರುವ ದೂರವನ್ನೂ ಟಿ.ವಿ.ಯ ಎರಡು ಬದಿಯಲ್ಲಿ ಉಳಿದಿರುವ ಅಗಲವನ್ನೂ ಬರೆದುಕೊಳ್ಳಿ. ಮುಂದೆ ಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಯಾರು ಕೇಳುತ್ತಾರೆ, ಏನನ್ನು ಕೇಳುತ್ತಾರೆ

ಒಂದು ವಾರ ಗಮನಿಸಿ. ನಿಮ್ಮ ಮನೆಯಲ್ಲಿ ಹೆಚ್ಚು ಹೊತ್ತು ಓಡುವುದು ವಾರ್ತೆ, ಧಾರಾವಾಹಿ, ಅಡುಗೆಯ ಕಾರ್ಯಕ್ರಮಗಳೇ? ಹಾಗಾದರೆ ನಿಮಗೆ ಬೇಕಾದದ್ದು ಮಾತಿನ ಸ್ಪಷ್ಟತೆ. ಮಾತನ್ನು ಅರ್ಥಮಾಡಿಸುವುದು ವ್ಯಂಜನಗಳು: ಸ, ಶ, ತ, ಕ. ಅವುಗಳ ಜೀವ ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್ ಆಸುಪಾಸಿನಲ್ಲಿದೆ. ಶೀಟಿನ ಮೇಲಿನ ಮಳೆಯ ಸದ್ದು ದಪ್ಪ, ಸಣ್ಣ ಎನ್ನದೆ ಎಲ್ಲ ಸ್ವರಗಳಲ್ಲೂ ಹರಡಿಕೊಂಡಿರುವುದರಿಂದ ಮೊದಲು ನುಂಗುವುದು ಈ ಸಣ್ಣ ವ್ಯಂಜನಗಳನ್ನೇ. ಒಟ್ಟು ಧ್ವನಿಯನ್ನು ಏರಿಸಿದರೆ ಹಿನ್ನೆಲೆ ಸಂಗೀತವೂ ಜೊತೆಗೇ ಏರುತ್ತದೆ. ಮಾತು ಇದ್ದಲ್ಲೇ ಇರುತ್ತದೆ.

ಇದಕ್ಕೆ ಮದ್ದು ನಡುವಿನ ಚಾನೆಲ್. (ಇಲ್ಲಿ ಚಾನೆಲ್ ಎಂದರೆ ಟಿ.ವಿ. ವಾಹಿನಿಯಲ್ಲ, ಧ್ವನಿಯ ಒಂದೊಂದು ಪ್ರತ್ಯೇಕ ದಾರಿ.) ಪೆಟ್ಟಿಗೆಯ ಮೇಲೆ 2.0, 2.1, 3.1, 5.1 ಎಂದೆಲ್ಲ ಬರೆದಿರುತ್ತಾರೆ. ಮೊದಲ ಅಂಕಿ ಕಿವಿಯ ಮಟ್ಟದಲ್ಲಿರುವ ಚಾನೆಲ್‌ಗಳದು, ಎರಡನೆಯದು ದಪ್ಪ ಸ್ವರಕ್ಕೆಂದೇ ಇರುವ ಸಬ್‌ವೂಫರ್ ಪೆಟ್ಟಿಗೆಯದು. ಮೂರನೆಯ ಅಂಕಿಯಿದ್ದರೆ ಅದು ಮೇಲಿನ ಚಾನೆಲ್‌ಗಳನ್ನು ಸೂಚಿಸುತ್ತದೆ. ನಮ್ಮ ಹೆಂಚಿನ ಮನೆಗಳಿಗೆ ಅದು ಅನಗತ್ಯವೆಂದು ಆಗಲೇ ಹೇಳಿದೆ. ಮೊದಲ ಅಂಕಿ ಮೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತಿಗೆಂದೇ ನಡುವಿನಲ್ಲಿ ಪ್ರತ್ಯೇಕ ಚಾನೆಲ್ ಇದೆ ಎಂದರ್ಥ. ಅದರ ಮಟ್ಟವನ್ನು ಮಾತ್ರ ಏರಿಸುವ ಗುಂಡಿ ರಿಮೋಟ್‌ನಲ್ಲಿದೆಯೇ ಎಂದು ಕೇಳಿ. ವಯಸ್ಸಾದವರು ಇರುವ ಮನೆಗೆ 3.1 ಸೌಂಡ್‌ಬಾರ್ ನನ್ನ ಮೊದಲ ಆಯ್ಕೆ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಮನೆಯಲ್ಲಿ ಹಾಡು ಕೇಳುವವರು ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಮಾತನಾಡಿಕೊಂಡು, ಕಾಳುಮೆಣಸು ಬಿಡಿಸಿಕೊಂಡು ಕೇಳುವುದಕ್ಕೆ ಯಾವುದಾದರೂ ನಡೆಯುತ್ತದೆ. ಕಣ್ಣು ಮುಚ್ಚಿ, ಬೇರೇನೂ ಮಾಡದೆ ಅರ್ಧ ಗಂಟೆ ಕೂತು ಕೇಳುವ ಅಭ್ಯಾಸವಿದ್ದರೆ ಜೋಡಿ ಸ್ಪೀಕರ್‌ಗಳಿಗೆ ಸಮನಾದದ್ದಿಲ್ಲ. ಗಾಯಕಿ ನಡುವೆ, ತಂಬೂರಿ ಸ್ವಲ್ಪ ಎಡಕ್ಕೆ, ತಬಲ ಬಲಕ್ಕೆ ಎಂದು ಧ್ವನಿ ಜಾಗ ಹಿಡಿದು ಕೂರಬೇಕಾದರೆ ಎರಡು ಪೆಟ್ಟಿಗೆಗಳ ನಡುವೆ ನಿಜವಾದ ಅಂತರ ಬೇಕು. ಬ್ರಿಟನ್ನಿನ ಇ.ಎಂ.ಐ. ಕಂಪನಿಯಲ್ಲಿದ್ದ ಎಂಜಿನಿಯರ್ ಅಲನ್ ಬ್ಲಮ್ಲೈನ್ ಸ್ಟೀರಿಯೊ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. ಸಿನಿಮಾ ಪರದೆಯಲ್ಲಿ ನಟ ಒಂದು ಕಡೆ ನಡೆಯುತ್ತಿದ್ದರೆ ಅವನ ಮಾತು ಮಾತ್ರ ಇನ್ನೊಂದು ಕಡೆಯ ಒಂಟಿ ಸ್ಪೀಕರ್‌ನಿಂದ ಬರುತ್ತಿದ್ದುದು ಆತನನ್ನು ಕಾಡಿತ್ತು ಎನ್ನುತ್ತಾರೆ. ಮೂರು ಅಡಿ ಉದ್ದದ ಒಂದೇ ಪಟ್ಟಿಯೊಳಗೆ ಎಡಬಲ ಎರಡನ್ನೂ ತುಂಬಿದಾಗ ಅದೇ ಕೊರತೆ ಸ್ವಲ್ಪಮಟ್ಟಿಗೆ ಮರಳಿ ಬರುತ್ತದೆ.

ಏಪ್ರಿಲ್ ಹೊತ್ತಿಗೆ ಹಾಕಿ ನೋಡುವ ಮನೆಗಳ ಬಗ್ಗೆಯೂ ಹೇಳಬೇಕು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟುಂಬ ಆರಂಭಿಸಿದ ಕೊಡವ ಹಾಕಿ ಹಬ್ಬ ಬಂತೆಂದರೆ ಹತ್ತು ಹದಿನೈದು ಜನ ಒಂದೇ ಟಿ.ವಿ.ಯ ಮುಂದೆ ಸೇರುವುದುಂಟು. ಜೋಡಿ ಸ್ಪೀಕರ್‌ನ ಅಂದ ನಡುವೆ ಕೂತವರಿಗೆ ಮಾತ್ರ ಪೂರ್ತಿ ಸಿಗುತ್ತದೆ. ಬದಿಯಲ್ಲಿ ಕೂತವರಿಗೂ ವೀಕ್ಷಕ ವಿವರಣೆ ಟಿ.ವಿ.ಯಿಂದಲೇ ಬಂದಂತೆ ಕೇಳಬೇಕಾದರೆ ನಡುವಿನ ಚಾನೆಲ್ ಇರುವ ಸೌಂಡ್‌ಬಾರ್ ಮೇಲು.

ರೇಡಿಯೊ ಬಿಡಲಾರದವರು ಎಫ್.ಎಂ. ಇದೆಯೇ ಎಂದು ತಪ್ಪದೆ ಕೇಳಿ. ಎಲ್ಲ ಸೌಂಡ್‌ಬಾರ್‌ಗಳಲ್ಲೂ ಅದು ಇರುವುದಿಲ್ಲ. ಬೆಳಗ್ಗೆ ಆಕಾಶವಾಣಿ ಮಡಿಕೇರಿ ಕೇಳದೆ ದಿನ ಆರಂಭವಾಗದ ಮನೆಗಳು ನಮ್ಮಲ್ಲಿ ಇನ್ನೂ ಬಹಳ ಇವೆ.

ಮೂರನೆಯ ಹೆಜ್ಜೆ: ಅಂಕಿಗಳನ್ನು ಓದುವುದು

ದಪ್ಪ ಸ್ವರ ಹುಟ್ಟಬೇಕಾದರೆ ಬಹಳ ಗಾಳಿಯನ್ನು ಅಲುಗಿಸಬೇಕು. 50 ಹರ್ಟ್ಸ್ ಸ್ವರದ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಸೌಂಡ್‌ಬಾರ್‌ನೊಳಗಿನ ಎರಡು ಎರಡೂವರೆ ಇಂಚಿನ ಸ್ಪೀಕರ್‌ಗಳು ಆ ಕೆಲಸ ಮಾಡಲಾರವು; ಅದಕ್ಕೇ ಜೊತೆಗೆ ಸಬ್‌ವೂಫರ್ ಪೆಟ್ಟಿಗೆ ಕೊಡುತ್ತಾರೆ. ಐದಾರು ಇಂಚಿನ ವೂಫರ್ (ದಪ್ಪ ಸ್ವರದ ಸ್ಪೀಕರ್) ಇರುವ ಪುಸ್ತಕದ ಕಪಾಟಿನ ಗಾತ್ರದ ಸ್ಪೀಕರ್ ಜೋಡಿ ಸಬ್‌ವೂಫರ್ ಇಲ್ಲದೆಯೂ ಸಾಮಾನ್ಯ ಕೋಣೆಯನ್ನು ತುಂಬುತ್ತದೆ. ಮದುವೆಯ ವಾಲಗದ ಧ್ವನಿಮುದ್ರಣವನ್ನು ಎರಡರಲ್ಲೂ ಹಾಕಿ ನೋಡಿದ್ದೇನೆ. ಅಗ್ಗದ ಸೌಂಡ್‌ಬಾರ್‌ನಲ್ಲಿ ಚರ್ಮವಾದ್ಯದ ಪೆಟ್ಟು ‘ಬೊಂ’ ಎಂದು ಮೂಲೆಯಿಂದ ಬಂತು, ಕೊಂಬಿನ ಧ್ವನಿ ಟಿ.ವಿ.ಯಿಂದ ಬಂತು, ಎರಡೂ ಒಂದೇ ಮೇಳದವು ಎನಿಸಲಿಲ್ಲ.

ವ್ಯಾಟ್‌ಗಳ ವಿಷಯದಲ್ಲಿ ಎಚ್ಚರ. ‘ಪಿ.ಎಂ.ಪಿ.ಒ.’ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಅದನ್ನು ಓದಲೇಬೇಡಿ, ‘ಆರ್.ಎಂ.ಎಸ್.’ (ಸತತವಾಗಿ ಕೊಡಬಲ್ಲ ಶಕ್ತಿ) ಎಷ್ಟು ಎಂದು ಕೇಳಿ. ಬಿಡಿ ಸ್ಪೀಕರ್ ಕೊಳ್ಳುವಾಗ ಇನ್ನೊಂದು ಅಂಕಿ ಮುಖ್ಯ: ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಬರುತ್ತದೆ ಎಂಬ ಸೂಕ್ಷ್ಮತೆ. ಧ್ವನಿ 3 ಡೆಸಿಬೆಲ್ ಏರಬೇಕಾದರೆ ವ್ಯಾಟ್ ಎರಡು ಪಟ್ಟಾಗಬೇಕು. ಹಾಗಾಗಿ 84 ಡೆಸಿಬೆಲ್‌ನ ಸ್ಪೀಕರ್ 4 ವ್ಯಾಟ್ ತಿಂದು ಮಾಡುವ ಕೆಲಸವನ್ನು 90 ಡೆಸಿಬೆಲ್‌ನದು 1 ವ್ಯಾಟ್‌ನಲ್ಲಿ ಮಾಡುತ್ತದೆ. ಕಿವಿಗೆ ಧ್ವನಿ ಎರಡರಷ್ಟಾಯಿತು ಎನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ವ್ಯಾಟ್ ಹತ್ತು ಪಟ್ಟು. ಬೇಸಗೆಯಲ್ಲಿ 5 ವ್ಯಾಟ್‌ನಲ್ಲಿ ಹಿತವಾಗಿದ್ದ ಧ್ವನಿಯನ್ನು ಆಟಿ ತಿಂಗಳ ಜಡಿಮಳೆಯಲ್ಲಿ ಎರಡರಷ್ಟು ಏರಿಸಲು 50 ವ್ಯಾಟ್ ಬೇಕಾಗುತ್ತದೆ. ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಮಡಿಕೇರಿಯಲ್ಲಿ, ಅದಕ್ಕೂ ಹೆಚ್ಚು ಸುರಿಯುವ ಭಾಗಮಂಡಲದ ಕಡೆ, ಶೀಟಿನ ಮನೆಯವರು ಸೂಕ್ಷ್ಮತೆ ಹೆಚ್ಚಿರುವ ಸ್ಪೀಕರನ್ನೇ ಹುಡುಕಬೇಕು. ಸಾಧ್ಯವಾದರೆ ಶೀಟಿನ ಕೆಳಗೆ ಒಳಛಾವಣಿ ಹಾಕಿಸಿ. ಮಳೆಯ ಸದ್ದನ್ನು ತಗ್ಗಿಸುವುದು ಧ್ವನಿಯನ್ನು ಏರಿಸುವುದಕ್ಕಿಂತ ಯಾವಾಗಲೂ ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಟಿ.ವಿ.ಯ ಬೆನ್ನು ನೋಡಿ

ಟಿ.ವಿ.ಯ ಹಿಂದಿನ ಎಚ್‌ಡಿಎಂಐ ರಂಧ್ರಗಳಲ್ಲಿ ಯಾವುದಾದರೊಂದರ ಪಕ್ಕದಲ್ಲಿ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದು ಬರೆದಿದೆಯೇ ನೋಡಿ. ಟಿ.ವಿ.ಯ ಧ್ವನಿಯನ್ನು ಸೌಂಡ್‌ಬಾರ್‌ಗೆ ಕಳಿಸುವ ವ್ಯವಸ್ಥೆ ಅದು. ಎಆರ್‌ಸಿ ಬಂದದ್ದು 2009ರಲ್ಲಿ, ಹೆಚ್ಚು ಮಾಹಿತಿ ಸಾಗಿಸಬಲ್ಲ ಇಎಆರ್‌ಸಿ ಬಂದದ್ದು 2017ರಲ್ಲಿ. ಆ ರಂಧ್ರಕ್ಕೇ ಕೇಬಲ್ ಹಾಕಿದರೆ ಟಿ.ವಿ.ಯ ರಿಮೋಟ್‌ನಿಂದಲೇ ಸೌಂಡ್‌ಬಾರ್‌ನ ಧ್ವನಿ ಏರಿಳಿಯುತ್ತದೆ, ಟಿ.ವಿ. ಆರಿಸಿದರೆ ಅದೂ ಆರುತ್ತದೆ. ಮೂರು ರಿಮೋಟ್‌ಗಳ ನಡುವೆ ಹಿರಿಯರು ಒದ್ದಾಡುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಎಆರ್‌ಸಿ ಇಲ್ಲದಿದ್ದರೆ ಆಪ್ಟಿಕಲ್ ಕೇಬಲ್ ಬಳಸಬಹುದು, 5.1ರವರೆಗೆ ಅದು ಸಾಕು. ಬ್ಲೂಟೂತ್ ಹಾಡಿಗೆ ಮಾತ್ರ. ಟಿ.ವಿ.ಗೆ ಹಾಕಿದರೆ ತುಟಿ ಅಲುಗಿದ ಮೇಲೆ ಮಾತು ಬರುವ ಸಾಧ್ಯತೆ ಹೆಚ್ಚು.

ಬಿಡಿ ಸ್ಪೀಕರ್‌ಗೆ ಆಂಪ್ಲಿಫೈಯರ್ ಬೇಕು, ವೈರ್ ಬೇಕು, ಇಡಲು ಸ್ಟ್ಯಾಂಡ್ ಬೇಕು. ಬೆಲೆ ಹೋಲಿಸುವಾಗ ಇವೆಲ್ಲವನ್ನೂ ಕೂಡಿಸಿ. ಸೌಂಡ್‌ಬಾರ್ ಮತ್ತು ಬಿಡಿ ಸ್ಪೀಕರ್‌ಗಳ ನಡುವೆ ಒಂದು ಮಧ್ಯದ ದಾರಿಯಿದೆ, ಅದನ್ನು ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ: ಆಂಪ್ಲಿಫೈಯರ್ ಒಳಗೇ ಇರುವ ಜೋಡಿ ಸ್ಪೀಕರ್‌ಗಳು. ಕೆಲವಕ್ಕೆ ಎಚ್‌ಡಿಎಂಐ ಎಆರ್‌ಸಿ ಕೂಡ ಇರುತ್ತದೆ. ಒಂದೇ ಕೇಬಲ್, ಒಂದೇ ರಿಮೋಟ್, ಆದರೂ ನಿಜವಾದ ಎಡಬಲ. ಹಾಡು ಮತ್ತು ಟಿ.ವಿ. ಎರಡೂ ಸಮನಾಗಿ ಬೇಕೆನ್ನುವ ಸಣ್ಣ ಕುಟುಂಬಕ್ಕೆ ನಾನು ಹೆಚ್ಚಾಗಿ ಸೂಚಿಸುವುದು ಇದನ್ನೇ.

ಐದನೆಯ ಹೆಜ್ಜೆ: ಅಂಗಡಿಯಲ್ಲಿ

ನಿಮಗೆ ಬಾಯಿಪಾಠವಾಗಿರುವ ಎರಡು ಹಾಡು ಮತ್ತು ಒಂದು ವಾರ್ತೆಯ ತುಣುಕನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಅಂಗಡಿಯ ಪ್ರದರ್ಶನದ ವಿಡಿಯೊ ಕೇಳಿ ತೀರ್ಮಾನಿಸಬೇಡಿ. ಎರಡು ಯಂತ್ರಗಳನ್ನು ಹೋಲಿಸುವಾಗ ಎರಡರ ಧ್ವನಿಯೂ ಒಂದೇ ಮಟ್ಟದಲ್ಲಿರಲಿ. ಸ್ವಲ್ಪ ಜೋರಾಗಿರುವುದು ಯಾವಾಗಲೂ ಚೆನ್ನಾಗಿರುವಂತೆ ಕೇಳುತ್ತದೆ. ಆಮೇಲೆ ಧ್ವನಿಯನ್ನು ತೀರ ತಗ್ಗಿಸಿ ವಾರ್ತೆ ಹಾಕಿಸಿ. ಆಗಲೂ ಪದಗಳು ಬಿಡಿಬಿಡಿಯಾಗಿ ಕೇಳಿದರೆ ಅದು ಒಳ್ಳೆಯ ಯಂತ್ರ.

ಕೆಟ್ಟರೆ ರಿಪೇರಿ ಎಲ್ಲಿ ಎಂಬುದನ್ನೂ ಆಗಲೇ ಕೇಳಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಸೌಂಡ್‌ಬಾರ್‌ನ ಒಳಗಿನ ಬೋರ್ಡ್ ಹೋದರೆ ಇಡೀ ಯಂತ್ರವೇ ಮೂಲೆ ಸೇರುವುದು ಸಾಮಾನ್ಯ. ಬಿಡಿ ಸ್ಪೀಕರ್ ಜೋಡಿಯಲ್ಲಿ ಆಂಪ್ಲಿಫೈಯರ್ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಸ್ಪೀಕರ್‌ಗಳು ಇಪ್ಪತ್ತು ವರ್ಷ ದುಡಿಯಬಲ್ಲವು. ಅಟ್ಟದಲ್ಲಿ ಹಳೆಯ ಮ್ಯೂಸಿಕ್ ಸಿಸ್ಟಂನ ಸ್ಪೀಕರ್‌ಗಳಿದ್ದರೆ ಎಸೆಯುವ ಮೊದಲು ಪರೀಕ್ಷಿಸಿ. ಸ್ಪೀಕರ್‌ನ ತಂತಿ ಬಿಚ್ಚಿ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್‌ನ ಧನ ತುದಿಯನ್ನು ಕೆಂಪು ಕೊಂಡಿಗೂ ಋಣ ತುದಿಯನ್ನು ಕಪ್ಪು ಕೊಂಡಿಗೂ ಕ್ಷಣಮಾತ್ರ ತಾಗಿಸಿ. ವೂಫರ್ ‘ಟಕ್’ ಎಂದು ಮುಂದಕ್ಕೆ ಬಂದರೆ ಜೀವವಿದೆ. ಅಂಚಿನ ಫೋಮ್ ಬೆರಳು ತಾಗಿದೊಡನೆ ಉದುರಿದರೆ ಅದು ನಮ್ಮ ತೇವಕ್ಕೆ ಬಲಿಯಾಗಿದೆ. ಅಂಚನ್ನು ಮಾತ್ರ ಹೊಸದಾಗಿ ಅಂಟಿಸಿಕೊಡುವವರು ಇದ್ದಾರೆ. ಹೊಸದು ಕೊಳ್ಳುವವರು ರಬ್ಬರ್ ಅಂಚಿನದ್ದನ್ನೇ ಆರಿಸಿ. ಕೊಡಗಿನ ಗಾಳಿಯಲ್ಲಿ ಫೋಮ್ ಬಾಳುವುದಿಲ್ಲ.

ಆರನೆಯ ಹೆಜ್ಜೆ: ಮನೆಯಲ್ಲಿ ಇಡುವುದು

ಸೌಂಡ್‌ಬಾರ್ ಟಿ.ವಿ.ಯ ಕೆಳಗೆ, ಮೇಜಿನ ಮುಂದಿನ ಅಂಚಿಗೆ ಸರಿಯಾಗಿ ಇರಲಿ. ಶೋಕೇಸ್‌ನ ಗೂಡಿನೊಳಗೆ ತಳ್ಳಿದರೆ ಮಾತು ಮಡಕೆಯೊಳಗಿಂದ ಬಂದಂತಾಗುತ್ತದೆ. ಇಷ್ಟೇ ಕೆಲಸ.

ಜೋಡಿ ಸ್ಪೀಕರ್‌ಗಳಿಗೆ ಸ್ವಲ್ಪ ತಾಳ್ಮೆ ಬೇಕು. ಮೊದಲೇ ಬರೆದುಕೊಂಡ ಅಳತೆ ತೆಗೆಯಿರಿ. ಎರಡು ಸ್ಪೀಕರ್‌ಗಳ ನಡುವಿನ ಅಂತರ ಮತ್ತು ಪ್ರತಿ ಸ್ಪೀಕರ್‌ನಿಂದ ನಿಮ್ಮ ಕುರ್ಚಿಗಿರುವ ಅಂತರ ಹೆಚ್ಚುಕಡಿಮೆ ಒಂದೇ ಆಗಲಿ, ಸಮಬಾಹು ತ್ರಿಕೋನದಂತೆ. ಮೇಲಿನ ಸಣ್ಣ ಸ್ಪೀಕರ್, ಅಂದರೆ ಟ್ವೀಟರ್, ಕೂತವರ ಕಿವಿಯ ಎತ್ತರಕ್ಕೆ ಬರಲಿ. ಕೆಂಪು ಕೊಂಡಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದರಲ್ಲಿ ಅದಲುಬದಲಾದರೆ ದಪ್ಪ ಸ್ವರಗಳು ಒಂದನ್ನೊಂದು ಅಳಿಸಿ ಹಾಡು ಬಡಕಲಾಗುತ್ತದೆ. ಬೆನ್ನಿನಲ್ಲಿ ಗಾಳಿಯ ತೂತು ಇರುವ ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಅಡಿಯಾದರೂ ಮುಂದಕ್ಕೆ ಎಳೆಯಿರಿ. ತೋಟದ ಮನೆಯಲ್ಲಿ ಆ ತೂತಿನೊಳಗೆ ಕಣಜಗಳು ಮಣ್ಣಿನ ಗೂಡು ಕಟ್ಟುವುದನ್ನು ಕಂಡಿದ್ದೇನೆ. ತೆಳುವಾದ ನೈಲಾನ್ ಬಲೆ ಕಟ್ಟಿದರೆ ಧ್ವನಿಗೆ ತೊಂದರೆಯಾಗುವುದಿಲ್ಲ.

ಸಬ್‌ವೂಫರ್‌ಗೆ ಜಾಗ ಹುಡುಕುವ ಉಪಾಯ ಸುಲಭ. ಅದನ್ನು ನೀವು ಕೂರುವ ಕುರ್ಚಿಯ ಮೇಲೆ ಇಟ್ಟು, ದಪ್ಪ ಸ್ವರಗಳಿರುವ ಹಾಡು ಹಾಕಿ, ಗೋಡೆಯ ಪಕ್ಕ ಮೆಲ್ಲನೆ ಬಗ್ಗಿ ನಡೆಯಿರಿ. ಎಲ್ಲಿ ಸ್ವರ ಊದಿಕೊಳ್ಳದೆ ಹದವಾಗಿ ಕೇಳುತ್ತದೆಯೋ ಅದೇ ಅದರ ಜಾಗ. ಮರದ ಹಲಗೆಯ ನೆಲವಾದರೆ ಕೆಳಗೆ ಕಲ್ಲಿನ ಚಪ್ಪಡಿ, ಅದರಡಿ ದಪ್ಪ ರಬ್ಬರ್ ಇಡಿ. ತೋಟದ ಕಾರ್ಮಿಕರ ಸಾಲು ಮನೆಗಳಾದ ಲೈನ್ ಮನೆಗಳಲ್ಲಿ, ಗೋಡೆ ಹಂಚಿಕೊಂಡ ಪೇಟೆಯ ಮನೆಗಳಲ್ಲಿ ಸಬ್‌ವೂಫರ್ ಬೇಡವೇ ಬೇಡ. ದಪ್ಪ ಸ್ವರಕ್ಕೆ ಗೋಡೆ ಅಡ್ಡಿಯಲ್ಲ, ಪಕ್ಕದ ಮನೆಯಲ್ಲಿ ಮಗು ಮಲಗಿರುತ್ತದೆ.

ಏಳನೆಯ ಹೆಜ್ಜೆ: ತೇವ, ಸಿಡಿಲು, ಕರೆಂಟು

ಮಳೆ ಹೊಡೆಯುವ ಗೋಡೆಗೆ ಯಾವ ಪೆಟ್ಟಿಗೆಯನ್ನೂ ತಾಗಿಸಿ ಇಡಬೇಡಿ. ಪೆಟ್ಟಿಗೆಯ ಎಂಡಿಎಫ್ ಹಲಗೆ (ಮರದ ನಾರನ್ನು ಒತ್ತಿ ಮಾಡಿದ್ದು) ತೇವ ಕುಡಿದು ಊದುತ್ತದೆ. ಮಳೆಗಾಲದಲ್ಲಿ ಕೇಳದಿದ್ದರೂ ದಿನಕ್ಕೆ ಅರ್ಧ ಗಂಟೆ ಓಡಿಸಿ. ಒಳಗಿನ ಬಿಸಿಗೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ. ಸ್ಪೀಕರ್ ವೈರ್‌ನ ತಾಮ್ರದ ತುದಿ ಹಸಿರಾಗಿದ್ದರೆ ಕತ್ತರಿಸಿ, ಹೊಸ ತುದಿ ಸುಲಿದು ಹಾಕಿ. ಅಟ್ಟದ ಮೇಲಿಂದ ವೈರ್ ಎಳೆಯುವವರು ಇಲಿಗೆ ಸಿಗದಂತೆ ಕೊಳವೆಯೊಳಗೆ ಹಾಯಿಸಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತರೆ ಮಾತ್ರ ಸಾಲದು. ಸಿಡಿಲಿನ ಹೊಡೆತ ಡಿಷ್‌ನ ಕೇಬಲ್‌ನಿಂದ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಟಿ.ವಿ.ಗೆ, ಎಚ್‌ಡಿಎಂಐ ಮೂಲಕ ಸೌಂಡ್‌ಬಾರ್‌ಗೆ ದಾಟುತ್ತದೆ. ನೆರೆಮನೆಯೊಂದರಲ್ಲಿ ಮೂರೂ ಒಂದೇ ಸಂಜೆ ಸುಟ್ಟವು, ಪ್ಲಗ್ ಕಿತ್ತಿದ್ದರೂ. ಗುಡುಗು ದೂರದಲ್ಲಿರುವಾಗಲೇ ಡಿಷ್ ಕೇಬಲನ್ನೂ ಬಿಚ್ಚಿ. ಕರೆಂಟಿನ ಹಠಾತ್ ಏರಿಕೆಯನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಕೊಂಡರೆ ಮನೆಯ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಕೊಳ್ಳಿ. ಅರ್ತಿಂಗ್ ಇಲ್ಲದೆ ಅದು ಬಹುಪಾಲು ನಿಷ್ಪ್ರಯೋಜಕ. ಇನ್ವರ್ಟರ್‌ನಲ್ಲಿ ಓಡಿಸುವಾಗ ಸ್ಪೀಕರ್ ‘ಗುಂಯ್’ ಎಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಆಗಿರಬಹುದು. ಮುಂದಿನ ಸಲ ಬದಲಿಸುವಾಗ ಸೈನ್ ವೇವ್‌ನದ್ದು ತೆಗೆದುಕೊಳ್ಳಿ.

ನಮ್ಮ ಮನೆಯಲ್ಲಿ ಈಗ ಶೀಟಿನ ಹಜಾರದ ಟಿ.ವಿ.ಗೆ 3.1 ಸೌಂಡ್‌ಬಾರ್ ಇದೆ. ಜೂನ್ ಬಂದೊಡನೆ ನಡುವಿನ ಚಾನೆಲನ್ನು ನಾಲ್ಕು ಅಂಕ ಏರಿಸಿ, ರಾತ್ರಿಯ ಮೋಡ್ ಹಾಕುತ್ತೇನೆ. ಜಾಹೀರಾತಿನ ಅಬ್ಬರ ತಗ್ಗಿ ಮೆಲುಮಾತು ಮೇಲೇಳುತ್ತದೆ. ಹೆಂಚಿನ ಕೋಣೆಯಲ್ಲಿ ಅಪ್ಪನ ಕಾಲದ ಸ್ಪೀಕರ್ ಜೋಡಿ, ಅಂಚು ಬದಲಿಸಿಕೊಂಡು, ಹಾಡಿಗೆ ಮೀಸಲಾಗಿದೆ.

ಕೊಂಡ ಮೇಲೆ ರಟ್ಟಿನ ಪೆಟ್ಟಿಗೆಯನ್ನೂ ಥರ್ಮಾಕೋಲನ್ನೂ ಎಸೆಯಬೇಡಿ. ಬಿಲ್‌ನ ಫೋಟೊ ತೆಗೆದು, ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆ ಪೆಟ್ಟಿಗೆಯೊಳಗೇ ಇಟ್ಟು ಅಟ್ಟದಲ್ಲಿ ಸೋರದ ಕಡೆ ಇಡಿ. ವಾರಂಟಿ ಅವಧಿಯಲ್ಲಿ ಯಂತ್ರವನ್ನು ಮೈಸೂರಿಗೆ ಬಸ್ಸಿನಲ್ಲಿ ಒಯ್ಯಬೇಕಾದ ದಿನ ಅದೇ ಪೆಟ್ಟಿಗೆ ಬೇಕಾಗುತ್ತದೆ.